ಹುಲಿ ಬಂದಾಗ ಕರುವಿಗೆ ಏನು ಹೇಳುವುದು?



ಕಳೆದ ಪಾಟ್‌ಲಕ್‌ನಲ್ಲಿ ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ನಿಂತಿದ್ದಾಗ ಗೆಳೆಯರೊಬ್ಬರು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಕಾರಣ ಇಷ್ಟೇ. ನಮ್ಮ ಸಂಘದ ಕೆಲವು ಸಿನಿಮಾ ಪ್ರಿಯರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದು ಚಿತ್ರ ನೋಡುತ್ತೇವೆ. ಈ ಸಲ 'ಎ ಕ್ವೈಟ್ ಪ್ಲೇಸ್' ನೋಡೋಣ ಎಂದು ಹೇಳಿದವನು ನಾನು. "ಅಲ್ರೀ, ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ. ಎಳೆ ಮಕ್ಕಳನ್ನು ಅಪಾಯಕ್ಕೆ ತಳ್ಳಿ, ಅಪ್ಪ ಅಮ್ಮ ಪರದಾಡುವುದನ್ನು ಕೂತು ನೋಡಬೇಕಾ? ಇದರಲ್ಲಿ ಏನು ಸುಖ?" ಅಂದರು. ನಾನು ಏನೋ ಗೊಣಗಿ ಮೊಸರನ್ನದ ಕಡೆ ಜಾರಿಕೊಂಡೆ. ಆದರೆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಇಂಥ ಚಿತ್ರಗಳನ್ನು ನಾನು ಯಾಕೆ ಹುಡುಕಿಕೊಂಡು ಹೋಗಿ ನೋಡುತ್ತೇನೆ? ಉತ್ತರ ಹುಡುಕುತ್ತಾ ಹೋದರೆ ಅದು ನಮ್ಮ ಮನೆಯ ಬೇಸ್‌ಮೆಂಟಿಗೆ ಹೋಗಿ ನಿಂತಿತು! ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ: ಕೆಲವು ಚಿತ್ರಗಳ ಕೊನೆಯನ್ನೂ ಹೇಳಿಬಿಡುತ್ತೇನೆ. ಹೇಳದೆ ವಿಷಯ ತಿಳಿಸಲು ಸಾಧ್ಯವಿಲ್ಲ, ಕ್ಷಮಿಸಿ.

ಈ ಬಗೆಯ ಕಥೆ ನಡೆಯುವುದು ಹೇಗೆ?

ಇವನ್ನು 'ಸರ್ವೈವಲ್ ಥ್ರಿಲ್ಲರ್' ಎನ್ನುತ್ತಾರೆ. ಜೀವ ಉಳಿಸಿಕೊಳ್ಳುವ ಹೋರಾಟವೇ ಕಥೆ. ಅದರಲ್ಲೂ ಒಬ್ಬ ತಂದೆಯೋ ತಾಯಿಯೋ ಚಿಕ್ಕ ಮಗುವನ್ನು ಕಾಪಾಡುವ ಕಥೆಗಳದ್ದೇ ಒಂದು ಒಳಪಂಗಡ. ನಾಲ್ಕಾರು ನೋಡಿದ ಮೇಲೆ ಅಡುಗೆಯ ರೀತಿ ಗೊತ್ತಾಗಿಬಿಡುತ್ತದೆ. ಬೇಕಾದ ಸಾಮಾನು ಮೂರೇ.

ಮೊದಲನೆಯದು, ಒಂದು ನಿಯಮ. 'ಎ ಕ್ವೈಟ್ ಪ್ಲೇಸ್' (2018) ಚಿತ್ರದಲ್ಲಿ ಅದು "ಶಬ್ದ ಮಾಡಬೇಡ" ಎನ್ನುವುದು. ಜಾನ್ ಕ್ರಾಸಿನ್‌ಸ್ಕಿ ನಿರ್ದೇಶಿಸಿ, ತಮ್ಮ ಪತ್ನಿ ಎಮಿಲಿ ಬ್ಲಂಟ್ ಜೊತೆ ನಟಿಸಿದ ಚಿತ್ರ. ಭೂಮಿಯ ಮೇಲೆ ಓಡಾಡುತ್ತಿರುವ ಭೀಕರ ಪ್ರಾಣಿಗಳಿಗೆ ಕಣ್ಣಿಲ್ಲ, ಆದರೆ ಕಿವಿ ಬಹಳ ಚುರುಕು. ಸದ್ದು ಬಂದ ಕಡೆ ಎರಗಿ ಬೀಳುತ್ತವೆ. ಆದ್ದರಿಂದ ಆ ಕುಟುಂಬ ಮರಳು ಸುರಿದ ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತದೆ, ಕೈಸನ್ನೆಯಲ್ಲೇ ಮಾತಾಡುತ್ತದೆ. ಅದೇ ವರ್ಷ ಬಂದ 'ಬರ್ಡ್ ಬಾಕ್ಸ್'ನಲ್ಲಿ ನಿಯಮ "ಕಣ್ಣು ಬಿಡಬೇಡ" ಎನ್ನುವುದು. ಅಲ್ಲಿ ಸಾಂಡ್ರಾ ಬುಲಕ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಬ್ಬರು ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಹೊಳೆ ದಾಟಿಸುತ್ತಾಳೆ.

ಎರಡನೆಯದು, ಅಳೆದು ಕೊಟ್ಟ ಸಾಮಾನು. ಕಾರ್ಮ್ಯಾಕ್ ಮೆಕಾರ್ಥಿ ಬರೆದ 'ದಿ ರೋಡ್' ಕಾದಂಬರಿಯಲ್ಲಿ (2006) ಒಬ್ಬ ಅಪ್ಪ, ಒಬ್ಬ ಮಗ ಬೂದಿ ಮುಚ್ಚಿದ ಅಮೆರಿಕದಲ್ಲಿ ದಕ್ಷಿಣದ ಸಮುದ್ರದ ಕಡೆ ನಡೆಯುತ್ತಾರೆ. ಅವರಿಬ್ಬರಿಗೆ ಹೆಸರೂ ಇಲ್ಲ. ಇರುವುದು ಅಂಗಡಿಯ ಒಂದು ತಳ್ಳುಗಾಡಿ, ಒಂದಷ್ಟು ಕಂಬಳಿ, ಎರಡು ಗುಂಡಿರುವ ಒಂದು ರಿವಾಲ್ವರ್. ಅದರಲ್ಲೂ ಒಂದು ಗುಂಡು ಬೇಗನೆ ಖರ್ಚಾಗುತ್ತದೆ. ಒಂದು ಡಬ್ಬಿ ಹಣ್ಣು ಸಿಕ್ಕರೆ ಓದುವ ನಮಗೇ ಹಬ್ಬ ಬಂದಷ್ಟು ಸಂತೋಷ!

ಮೂರನೆಯದು, ಮಗು. ಇದು ಮುಖ್ಯ. ನಿಯಮ ಎಷ್ಟೇ ಸರಳವಾಗಿದ್ದರೂ ಮಗು ಮಗುವೇ. 'ಎ ಕ್ವೈಟ್ ಪ್ಲೇಸ್' ಶುರುವಾಗುವುದೇ ಅಲ್ಲಿ. ಪಾಳು ಬಿದ್ದ ಅಂಗಡಿಯಲ್ಲಿ ಕಿರಿಯ ಮಗ ಒಂದು ಆಟದ ರಾಕೆಟ್ ಎತ್ತಿಕೊಳ್ಳುತ್ತಾನೆ. ಅಪ್ಪ ಅದನ್ನು ಕಿತ್ತುಕೊಂಡು, ಬ್ಯಾಟರಿ ತೆಗೆದಿಟ್ಟು, ಇದು ಸದ್ದು ಮಾಡುತ್ತದೆ ಎಂದು ಸನ್ನೆ ಮಾಡುತ್ತಾನೆ. ಅಕ್ಕನಿಗೆ ಪಾಪ ಅನಿಸಿ ಬ್ಯಾಟರಿ ಇಲ್ಲದ ಆಟಿಕೆಯನ್ನು ತಮ್ಮನಿಗೆ ಕೊಟ್ಟುಬಿಡುತ್ತಾಳೆ. ಅವಳು ಆ ಕಡೆ ತಿರುಗಿದ ಮೇಲೆ ಪುಟ್ಟ ಬ್ಯಾಟರಿಯನ್ನೂ ಕೈಗೆ ತೆಗೆದುಕೊಳ್ಳುತ್ತಾನೆ. ಮುಂದೆ ಸೇತುವೆಯ ಮೇಲೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗುವಿದ್ದ ಯಾರಿಗೇ ಆಗಲಿ, ಆ ಬ್ಯಾಟರಿ ಕಂಡಾಗಲೇ ಹೊಟ್ಟೆಯಲ್ಲಿ ತಳಮಳ ಶುರುವಾಗುತ್ತದೆ.

ಮಗು ಇರುವುದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಅದು ಪ್ರಶ್ನೆ ಕೇಳುತ್ತದೆ. 'ದಿ ರೋಡ್'ನಲ್ಲಿ ಇವರ ಗಾಡಿ ಕದ್ದ ಒಬ್ಬ ಕಳ್ಳ ಸಿಕ್ಕಿಬೀಳುತ್ತಾನೆ. ಸಿಟ್ಟಿನಲ್ಲಿ ಅಪ್ಪ ಅವನ ಬಟ್ಟೆಯನ್ನೂ ಬಿಚ್ಚಿಸಿ ಚಳಿಯಲ್ಲಿ ಬಿಟ್ಟು ಬರುತ್ತಾನೆ. ಮಗ ಅಳು ನಿಲ್ಲಿಸುವುದೇ ಇಲ್ಲ. ಕೊನೆಗೆ ಅಪ್ಪ ವಾಪಸು ಹೋಗಿ, ಕಳ್ಳ ಕಾಣದೆ, ಬಟ್ಟೆಯನ್ನು ರಸ್ತೆಯಲ್ಲೇ ಇಟ್ಟು ಬರುತ್ತಾನೆ. ಅಪ್ಪ ಮಗನ ಪ್ರಾಣ ಕಾಯುತ್ತಿದ್ದಾನೆ, ಮಗ ಅಪ್ಪನ ಮನುಷ್ಯತ್ವ ಕಾಯುತ್ತಿದ್ದಾನೆ. ಮೆಕಾರ್ಥಿಯವರಿಗೆ ಈ ಕಥೆ ಹೊಳೆದದ್ದು ಟೆಕ್ಸಾಸ್‌ನ ಎಲ್ ಪಾಸೊ ಊರಿನ ಒಂದು ಹೋಟೆಲಿನಲ್ಲಿ. ಪುಟ್ಟ ಮಗ ಮಲಗಿದ್ದಾಗ, ಕಿಟಕಿಯಲ್ಲಿ ನಿಂತು, ಮುಂದೊಂದು ದಿನ ಈ ಊರು ಹೇಗಿರಬಹುದು ಎಂದು ಯೋಚಿಸಿದರಂತೆ. 2007ರಲ್ಲಿ ಓಪ್ರಾ ವಿನ್‌ಫ್ರಿ ಅವರ ಕಾರ್ಯಕ್ರಮದಲ್ಲಿ ಅವರೇ ಇದನ್ನು ಹೇಳಿದ್ದರು. ಕಾದಂಬರಿಗೆ ಅದೇ ವರ್ಷ ಪುಲಿಟ್ಜರ್ ಬಹುಮಾನ ಬಂತು. ವಯಸ್ಸಾದ ಮೇಲೆ ಪುಟ್ಟ ಮಗುವಿನ ತಂದೆಯಾದವರ ಭಯ ಅದರ ಪುಟಪುಟದಲ್ಲೂ ಇದೆ.

ಇಷ್ಟೆಲ್ಲಾ ಕಥೆ ಕಟ್ಟುವವರ ಕೌಶಲದ ಮಾತಾಯಿತು. ಆದರೆ ಈ ಕಥೆಗಳ ನಿಜವಾದ ಪ್ರಶ್ನೆ ನನಗೆ ಅರ್ಥವಾದದ್ದು ಥಿಯೇಟರಿನಲ್ಲಿ ಅಲ್ಲ.

ನಮ್ಮ ಮನೆಯ ಸೈರನ್

ನಾವಿರುವುದು ಕಾನ್ಸಾಸ್ ಸಿಟಿ ಕಡೆ. ಇಲ್ಲಿಗೆ ಹೊಸದಾಗಿ ಬಂದವರಿಗಾಗಿ ಒಂದು ಮಾತು. ವಸಂತ ಬಂತೆಂದರೆ ಹೂವಿನ ಜೊತೆಗೆ ಸುಂಟರಗಾಳಿಯ ಕಾಲವೂ ಬರುತ್ತದೆ. ಹವಾಮಾನ ಇಲಾಖೆಯವರು ಎರಡು ಮಾತು ಹೇಳುತ್ತಾರೆ, ಒಂದು 'ವಾಚ್', ಇನ್ನೊಂದು 'ವಾರ್ನಿಂಗ್'. ವಾಚ್ ಎಂದರೆ ಬಾಣಲೆಯಲ್ಲಿ ಎಣ್ಣೆ ಕಾದಿದೆ, ಸಾಸಿವೆ ಕೈಯಲ್ಲಿದೆ. ವಾರ್ನಿಂಗ್ ಎಂದರೆ ಸಾಸಿವೆ ಸಿಡಿಯುತ್ತಿದೆ! ಅಂದರೆ ಸುಂಟರಗಾಳಿಯನ್ನು ಯಾರೋ ಕಣ್ಣಾರೆ ಕಂಡಿದ್ದಾರೆ, ಇಲ್ಲವೇ ರೇಡಾರ್‌ನಲ್ಲಿ ಕಂಡಿದೆ. ಆಗ ಇರುವುದು ಕೆಲವೇ ನಿಮಿಷ. ಬೇಸ್‌ಮೆಂಟಿಗೆ ಇಳಿಯಬೇಕು. ಬೇಸ್‌ಮೆಂಟ್ ಇಲ್ಲದಿದ್ದರೆ ಕೆಳಮಹಡಿಯಲ್ಲಿ ಕಿಟಕಿ ಇಲ್ಲದ ಒಳಕೋಣೆ ಸೇರಿ ತಲೆ ಮುಚ್ಚಿಕೊಳ್ಳಬೇಕು.

2011ರ ಮೇ 22ರಂದು ನಮ್ಮ ದಕ್ಷಿಣಕ್ಕಿರುವ ಮಿಸ್ಸೂರಿಯ ಜಾಪ್ಲಿನ್ ಊರನ್ನು ಸುಂಟರಗಾಳಿ ಸೀಳಿಕೊಂಡು ಹೋಯಿತು. 150ಕ್ಕೂ ಹೆಚ್ಚು ಜನ ಸತ್ತರು. ಟೀವಿಯಲ್ಲಿ ಅದನ್ನೇ ನೋಡಿ ನೋಡಿ ನಾವು ಹೆದರಿ ಕೂತಿದ್ದಾಗ, ಕೆಲವೇ ದಿನಗಳಲ್ಲಿ ನಮ್ಮ ಬಡಾವಣೆಯಲ್ಲೂ ಸೈರನ್ ಕೂಗಿತು. ಮಗಳಿಗೆ ಆಗ ನಾಲ್ಕು ವರ್ಷ. "ಅಪ್ಪಾ, ಅದೇನು ಸದ್ದು?" ಅಂದಳು. ನನ್ನ ಕೈಕಾಲು ನಡುಗುತ್ತಿತ್ತು. ಆದರೂ ನಗುಮುಖ ಮಾಡಿಕೊಂಡು, "ಕಣ್ಣಾಮುಚ್ಚಾಲೆ ಕಂದಾ! ಸೈರನ್ ಕೂಗಿದರೆ ಎಲ್ಲರೂ ಅಡಗಿಕೊಳ್ಳಬೇಕು. ಬಾ, ಗಾಳಿಗೆ ಕಾಣದ ಹಾಗೆ ಕೆಳಗೆ ಬಚ್ಚಿಟ್ಟುಕೊಳ್ಳೋಣ" ಎಂದು ಎತ್ತಿಕೊಂಡು ಇಳಿದೆ. ಅವಳು ಕೇಕೆ ಹಾಕಿ ನಕ್ಕಳು. ಏನೂ ಆಗಲಿಲ್ಲ. ಮೇಲೆ ಬಂದು ಕಾಫಿ ಕುಡಿಯುತ್ತಾ, ಎಂಥ ಜಾಣ ಅಪ್ಪ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುವರ್ಷ ವಸಂತದಲ್ಲಿ ಒಂದು ಸಂಜೆ ಮತ್ತೆ ಸೈರನ್. ಆಕಾಶ ಹಸಿರು ಮಿಶ್ರಿತ ಕಪ್ಪು. ನನ್ನ ಹೆಂಡತಿ ಒಲೆ ಆರಿಸಿ ಓಡಿ ಬಂದಳು. ನಾನು ಟಾರ್ಚ್ ಹಿಡಿದೆ. ಮಗಳು? ಕಾಣಲಿಲ್ಲ. "ಪುಟ್ಟೀ..." ಎಂದು ಕೂಗಿದೆ. ಉತ್ತರವಿಲ್ಲ. ಹಾಲ್‌ನಲ್ಲಿಲ್ಲ, ಅವಳ ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಹಿಂದಿನ ಬಾಗಿಲು ತೆಗೆದು ಹೊರಗೆ ಹೋದಳೇನೋ ಎಂದು ಹೆಂಡತಿ ಅಂಗಳಕ್ಕೆ ಓಡಿದಳು. ಆಲಿಕಲ್ಲು ಬೀಳತೊಡಗಿತು. ನಾವು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೇವೆ, ಮನೆಯೊಳಗೆ ನಿಶ್ಶಬ್ದ. ಎಷ್ಟು ಹೊತ್ತೋ ಗೊತ್ತಿಲ್ಲ, ಏಳೆಂಟು ನಿಮಿಷ ಇದ್ದಿರಬಹುದು. ನನ್ನ ಆಯಸ್ಸಿನ ಏಳೆಂಟು ವರ್ಷ ಅಲ್ಲೇ ಕಳೆಯಿತು ಎಂದಿಟ್ಟುಕೊಳ್ಳಿ.

ಸಿಕ್ಕಿದ್ದು ಮಹಡಿಯ ಮೇಲಿನ ಕ್ಲೋಸೆಟ್ಟಿನಲ್ಲಿ. ಇಂಡಿಯಾಕ್ಕೆ ಹೋಗುವಾಗ ಒಯ್ಯುವ ದೊಡ್ಡ ಸೂಟ್‌ಕೇಸುಗಳ ಹಿಂದೆ, ಬಾಯಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ನಗು ತಡೆದುಕೊಂಡು ಕೂತಿದ್ದಳು! ಸೈರನ್ ಕೂಗಿದರೆ ಅಡಗಿಕೊಳ್ಳಬೇಕು ಎಂದು ಹೇಳಿಕೊಟ್ಟವನು ಯಾರು? ನಾವು ಜೋರಾಗಿ ಕೂಗಿದಷ್ಟೂ ಅವಳು ಇನ್ನಷ್ಟು ಗಪ್‌ಚಿಪ್. ಆಟದಲ್ಲಿ ಕರೆದರೆ ಓ ಅನ್ನುವವರು ಉಂಟೇ? ಗಾಳಿ ಅಂದು ನಮ್ಮ ಊರು ಬಿಟ್ಟು ಬೇರೆ ದಾರಿ ಹಿಡಿಯಿತು, ನಾವು ಬಚಾವಾದೆವು. ಆದರೆ ಮಗಳನ್ನು ಅಂದು ಮನೆಯ ಅತ್ಯಂತ ಅಪಾಯದ ಜಾಗದಲ್ಲಿ, ಮೇಲ್ಮಹಡಿಯಲ್ಲಿ, ಕೂರಿಸಿದ್ದು ಗಾಳಿಯಲ್ಲ, ನನ್ನ ಸುಳ್ಳು.

ಸುಳ್ಳೋ, ನಿಜವೋ?

ಆಮೇಲೆ ನಾನು ಈ ಚಿತ್ರಗಳನ್ನು ಬೇರೆ ಕಣ್ಣಿನಲ್ಲಿ ನೋಡತೊಡಗಿದೆ. ಪ್ರತಿಯೊಂದರಲ್ಲೂ ರಾಕ್ಷಸನಿಗಿಂತ ದೊಡ್ಡ ಪ್ರಶ್ನೆ ಒಂದಿದೆ: ಮಗುವಿಗೆ ಏನು ಹೇಳುವುದು?

"ನಿಮ್ಮ ಹಾಗೆಯೇ ಆಟ ಅಂತ ಹೇಳಿದ ಅಪ್ಪನ ಸಿನಿಮಾ ಒಂದಿದೆಯಲ್ಲ" ಎಂದು ನಿಮ್ಮಲ್ಲಿ ಕೆಲವರಾದರೂ ಅಂದುಕೊಂಡಿರುತ್ತೀರಿ. ಹೌದು, ಇಟಲಿಯ ರೊಬೆರ್ತೊ ಬೆನೀನಿ 1997ರಲ್ಲಿ ತೆಗೆದ 'ಲೈಫ್ ಈಸ್ ಬ್ಯೂಟಿಫುಲ್'. ಅದನ್ನು ಯಾರೂ ಥ್ರಿಲ್ಲರ್ ಅನ್ನುವುದಿಲ್ಲ, ಆದರೆ ವಿಷಯ ಅದೇ. ನಾಜಿಗಳ ಯಾತನಾ ಶಿಬಿರದಲ್ಲಿ ಸಿಕ್ಕಿಬಿದ್ದ ಯಹೂದಿ ತಂದೆ ತನ್ನ ಪುಟ್ಟ ಮಗನಿಗೆ, ಇದೆಲ್ಲಾ ಒಂದು ಸ್ಪರ್ಧೆ, 1000 ಅಂಕ ಗಳಿಸಿದವರಿಗೆ ನಿಜವಾದ ಟ್ಯಾಂಕ್ ಬಹುಮಾನ ಎಂದು ನಂಬಿಸುತ್ತಾನೆ. ತಂದೆ ಗುಂಡಿಗೆ ಬಲಿಯಾಗುತ್ತಾನೆ, ಮಗ ಬದುಕುತ್ತಾನೆ. ಹಾಗಾದರೆ ಅವನ ಸುಳ್ಳು ಮಗನನ್ನು ಉಳಿಸಿತು, ನನ್ನದು ಯಾಕೆ ಕೈಕೊಟ್ಟಿತು?

ಬಹಳ ದಿನ ಯೋಚಿಸಿದೆ. ಉತ್ತರ ಸರಳವಾಗಿಯೇ ಇದೆ. ಆ ಅಪ್ಪನ ಆಟದ ನಿಯಮವೂ ಜೀವ ಉಳಿಸುವ ನಿಯಮವೂ ಒಂದೇ ಆಗಿತ್ತು. ಅಳಬೇಡ, ಅಮ್ಮ ಬೇಕು ಅನ್ನಬೇಡ, ಹಸಿವು ಅನ್ನಬೇಡ, ಯಾರ ಕಣ್ಣಿಗೂ ಬೀಳಬೇಡ. ಆಟದಲ್ಲಿ ಗೆಲ್ಲಲು ಮಾಡಬೇಕಾದದ್ದೇ ಬದುಕಲು ಮಾಡಬೇಕಾದದ್ದು. ಕಾರಣ ಸುಳ್ಳು, ಕೆಲಸ ನಿಜ. ನನ್ನ ಆಟದಲ್ಲಿ ಕೆಲಸವೇ ತಪ್ಪು. ಬೇಕಾಗಿದ್ದದ್ದು 'ಕೆಳಗೆ ಇಳಿ', ನಾನು ಕಲಿಸಿದ್ದು 'ಅಡಗಿಕೋ'.

ಇದಕ್ಕಿಂತ ಮುಂದೆ ಹೋಗುವ ಕಥೆ 'ರೂಮ್'. ಎಮ್ಮಾ ಡೊನಹ್ಯೂ 2010ರಲ್ಲಿ ಬರೆದ ಕಾದಂಬರಿ. 2015ರಲ್ಲಿ ಚಿತ್ರವಾಗಿ, ತಾಯಿಯ ಪಾತ್ರ ಮಾಡಿದ ಬ್ರೀ ಲಾರ್ಸನ್‌ಗೆ ಆಸ್ಕರ್ ತಂದುಕೊಟ್ಟಿತು. ಒಬ್ಬ ದುರುಳ ಅಪಹರಿಸಿ ತಂದ ಯುವತಿ, ಅಲ್ಲೇ ಹುಟ್ಟಿದ ಅವಳ ಮಗ ಜ್ಯಾಕ್, ಇಬ್ಬರೂ ಹಿತ್ತಲಿನ ಒಂದು ಪುಟ್ಟ ಶೆಡ್ಡಿನಲ್ಲಿ ಬಂದಿಗಳು. ಕಿಟಕಿಯಿಲ್ಲ, ಚಾವಣಿಯಲ್ಲಿ ಒಂದು ಗಾಜು ಮಾತ್ರ. ಹೊರಗಿನ ಲೋಕ ಇದೆ ಎಂದು ಹೇಳಿದರೆ ಮಗ ಅದಕ್ಕಾಗಿ ಹಂಬಲಿಸುತ್ತಾನೆ ಎಂದು ತಾಯಿ ಒಂದು ಸುಳ್ಳು ಹೇಳಿರುತ್ತಾಳೆ. ಈ ಕೋಣೆಯೇ ಪ್ರಪಂಚ, ಟೀವಿಯಲ್ಲಿ ಕಾಣುವುದೆಲ್ಲ ಬರೀ ಚಿತ್ರ. ನಾಲ್ಕು ವರ್ಷದವರೆಗೆ ಆ ಸುಳ್ಳು ಅವನನ್ನು ಕಾಯುತ್ತದೆ. ಐದು ತುಂಬಿದಾಗ ತಪ್ಪಿಸಿಕೊಳ್ಳಬೇಕಾದರೆ ಆ ಸುಳ್ಳನ್ನು ಅವಳೇ ಒಡೆಯಬೇಕು! ಮಗ ಸಿಟ್ಟಾಗುತ್ತಾನೆ, ನಂಬುವುದಿಲ್ಲ. ಅವಳು ಬಿಡದೆ ಹೇಳುತ್ತಾಳೆ. ಸತ್ತಂತೆ ನಟಿಸು, ಕಂಬಳದಲ್ಲಿ ಸುತ್ತಿ ಹೊರಗೆ ಒಯ್ಯುತ್ತಾನೆ, ಟ್ರಕ್ಕಿನಲ್ಲಿ ಬಿಚ್ಚಿಕೋ, ಧುಮುಕು, ಓಡು, ಯಾರಾದರೂ ಕಂಡರೆ ಕೂಗು. ಮಗ್ಗಿ ಕಲಿಸಿದ ಹಾಗೆ ಬಾಯಿಪಾಠ ಮಾಡಿಸುತ್ತಾಳೆ. ಹೊರಗಿನ ಆಕಾಶವನ್ನೇ ಕಾಣದ ಐದು ವರ್ಷದ ಹುಡುಗ ಅದನ್ನು ಮಾಡಿ ಮುಗಿಸುತ್ತಾನೆ. ಕೊನೆಗೆ ತಾಯಿಯನ್ನು ಬಿಡಿಸಿದವನು ಅವನೇ.

ಅಂದರೆ ಮಗುವಿನ ವಯಸ್ಸಿಗೆ ತಕ್ಕ ಕಥೆ ಹೇಳುವುದು ತಪ್ಪಲ್ಲ. ಆದರೆ ಮಗು ಬೆಳೆದ ಹಾಗೆ ಕಥೆಯನ್ನೂ ತಿದ್ದಬೇಕು. ನಾಲ್ಕರ ಕಥೆಯನ್ನೇ ಐದರಲ್ಲೂ ಇಟ್ಟುಕೊಂಡರೆ ನಮ್ಮ ಮನೆಯಲ್ಲಿ ಆದದ್ದೇ ಆಗುತ್ತದೆ.

ನಮ್ಮಮ್ಮ ಹೇಳಿದ್ದು

ಆ ಘಟನೆಯಾದ ವಾರಾಂತ್ಯ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಎಲ್ಲಾ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣೋ, ಪುಣ್ಯಕೋಟಿ ಕರುವಿಗೆ ಆಟ ಅಂತ ಹೇಳಿ ಹೋದಳೇನೋ?" ಅಂದರು.

ನಾನು ಬಾಯಿ ಮುಚ್ಚಿಕೊಂಡೆ. ಯೋಚಿಸಿ ನೋಡಿ. ಕನ್ನಡದ ಮಗು ಕೇಳುವ ಮೊಟ್ಟಮೊದಲ ಸರ್ವೈವಲ್ ಥ್ರಿಲ್ಲರ್ ಯಾವುದು? 'ಗೋವಿನ ಹಾಡು'! ಕಾಳಿಂಗನೆಂಬ ಗೊಲ್ಲನ ಹಿಂಡು, ಹಸಿದ ಹುಲಿ, ಮನೆಯಲ್ಲಿ ಕಾಯುತ್ತಿರುವ ಎಳೆಗರು. ನಾವೆಲ್ಲ ಅದನ್ನು ಸತ್ಯಸಂಧತೆಯ ಪಾಠ ಎಂದು ಶಾಲೆಯಲ್ಲಿ ಓದಿದ್ದೇವೆ, ಹುಲಿಗೆ ಕೊಟ್ಟ ಮಾತನ್ನು ಹಸು ಉಳಿಸಿಕೊಂಡಿತು ಎಂದು. ಆದರೆ ಹುಲಿಯ ಬಳಿಗೆ ವಾಪಸು ಹೋಗುವ ಮುಂಚೆ ಅವಳು ಕೊಟ್ಟಿಗೆಗೆ ಯಾಕೆ ಬಂದಳು? ಹಾಲು ಕುಡಿಸಲು. ಬಂದವಳು ಹಾಲು ಕುಡಿಸಿ, ಕಣ್ಣು ತಪ್ಪಿಸಿ ಹೋಗಬಹುದಿತ್ತು. ಹೋಗಲಿಲ್ಲ. ಹುಲಿ ಸಿಕ್ಕಿದ್ದು, ಮಾತು ಕೊಟ್ಟದ್ದು, ತಾನಿನ್ನು ಬರುವುದಿಲ್ಲ ಎನ್ನುವುದು, ಎಲ್ಲವನ್ನೂ ಕರುವಿಗೆ ಹೇಳುತ್ತಾಳೆ. ಕರು ಗೋಳಾಡುತ್ತದೆ, ಬೇಡ ಎಂದು ಬೇಡಿಕೊಳ್ಳುತ್ತದೆ. ಆದರೂ ಹೇಳುತ್ತಾಳೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ಮಾಡುತ್ತಾಳೆ. ಉಳಿದ ಹಸುಗಳನ್ನು ಅಕ್ಕತಂಗಿಯರೆಂದು ಕರೆದು, ಈ ಮಗುವನ್ನು ನಿಮ್ಮದೆಂದು ನೋಡಿಕೊಳ್ಳಿ, ನೋಯಿಸಬೇಡಿ ಎಂದು ಒಪ್ಪಿಸುತ್ತಾಳೆ. ಆಮೇಲೆ ಹೊರಡುತ್ತಾಳೆ.

ನಿಜ ಹೇಳುವುದು, ಒಪ್ಪಿಸುವುದು. ಈ ಎರಡು ಕೆಲಸ ನಮ್ಮ ಹಳ್ಳಿಯ ಹಾಡಿನಲ್ಲಿ ಇದ್ದದ್ದೇ ಇಂದಿನ ಒಳ್ಳೆಯ ಚಿತ್ರಗಳಲ್ಲೂ ಇದೆ ಎಂದು ನನಗೆ ಆಗ ಕಂಡಿತು.

ಒಪ್ಪಿಸಿ ಹೋಗುವುದು

ದಕ್ಷಿಣ ಕೊರಿಯಾದ 'ಟ್ರೇನ್ ಟು ಬುಸಾನ್' (2016) ನೋಡಿ. ಯಾವಾಗಲೂ ಆಫೀಸಿನಲ್ಲೇ ಮುಳುಗಿರುವ ಅಪ್ಪ, ಮಗಳ ಹುಟ್ಟುಹಬ್ಬಕ್ಕೆ ಹಿಂದೊಮ್ಮೆ ತಾನೇ ಕೊಟ್ಟಿದ್ದ ವಿಡಿಯೋ ಗೇಮನ್ನೇ ಮತ್ತೆ ತಂದುಕೊಡುವಷ್ಟು ಪರಾಕು! (ನಮ್ಮಲ್ಲಿ ಎಷ್ಟು ಜನ ಎದೆ ಮುಟ್ಟಿಕೊಂಡೆವು ಹೇಳಿ?) ಅಮ್ಮನ ಊರಿಗೆ ಮಗಳನ್ನು ಬಿಡಲು ಸಿಯೋಲ್‌ನಿಂದ ಬುಸಾನ್‌ಗೆ ರೈಲು ಹತ್ತುತ್ತಾನೆ. ರೈಲಿನಲ್ಲಿ ಮನುಷ್ಯರನ್ನು ಶವಪಿಶಾಚಿಗಳನ್ನಾಗಿ ಮಾಡುವ ಸೋಂಕು ಹರಡುತ್ತದೆ. ಶುರುವಿನಲ್ಲಿ, ಮಗಳು ಒಬ್ಬ ಅಜ್ಜಿಗೆ ಸೀಟು ಬಿಟ್ಟುಕೊಟ್ಟರೆ, ಇಂಥ ಹೊತ್ತಿನಲ್ಲಿ ನಿನ್ನ ಜೀವ ನೀನು ನೋಡಿಕೋ ಎಂದು ಉಪದೇಶ ಮಾಡುವ ಅಪ್ಪ ಅವನು. ಮಗಳು ಒಪ್ಪುವುದಿಲ್ಲ. ಕೊನೆಗೆ ತನಗೇ ಸೋಂಕು ತಗುಲಿದಾಗ ಅವನು ಮಗಳನ್ನು ಒಪ್ಪಿಸುವುದು ಯಾರಿಗೆ? ರೈಲಿನಲ್ಲಿ ಪರಿಚಯವಾದ ಒಬ್ಬ ಬಸುರಿಗೆ. ಅಪ್ಪನಿಗಾಗಿ ಕಲಿತು ಅವನ ಮುಂದೆ ಹಾಡಲಾಗದ ಹಾಡನ್ನು ಸುರಂಗದ ಕತ್ತಲಲ್ಲಿ ಮಗಳು ಅಳುತ್ತಾ ಹಾಡುತ್ತಾಳೆ. ಹಾಡು ಕೇಳಿ, ಬರುತ್ತಿರುವವರು ಮನುಷ್ಯರು ಎಂದು ತಿಳಿದು, ಸೈನಿಕರು ಗುಂಡು ಹಾರಿಸುವುದಿಲ್ಲ. ಇಬ್ಬರೂ ಉಳಿಯುತ್ತಾರೆ.

'ದಿ ರೋಡ್'ನಲ್ಲಿ ಒಪ್ಪಿಸಲು ಯಾರೂ ಇಲ್ಲ. ಯಾರನ್ನೂ ನಂಬಬೇಡ ಎಂದೇ ಅಪ್ಪ ಮಗನನ್ನು ಬೆಳೆಸಿದ್ದಾನೆ. ಅವನು ಸತ್ತ ಮೇಲೆ ಮಗ ಮೂರು ದಿನ ಪಕ್ಕದಲ್ಲೇ ಕೂತಿರುತ್ತಾನೆ. ಆಮೇಲೆ ಹೆಂಡತಿ ಮಕ್ಕಳಿರುವ ಒಬ್ಬ ಅಪರಿಚಿತ ಬಂದು ಕರೆಯುತ್ತಾನೆ. ನಂಬಬೇಕೋ ಬೇಡವೋ ಎಂದು ಆ ಹುಡುಗ ತಾನೇ ತೀರ್ಮಾನಿಸಬೇಕು. ನಂಬಿ ಹೋಗುತ್ತಾನೆ. ಆ ಪುಟ ಓದುವಾಗ ಭಯ, ಸಮಾಧಾನ ಎರಡೂ ಒಟ್ಟಿಗೆ ಬರುತ್ತವೆ.

ಇನ್ನು 'ಎ ಕ್ವೈಟ್ ಪ್ಲೇಸ್'. ಆ ಮನೆಯ ಹಿರಿಯ ಮಗಳಿಗೆ ಕಿವಿ ಕೇಳುವುದಿಲ್ಲ. ಪಾತ್ರ ಮಾಡಿದ ಮಿಲಿಸೆಂಟ್ ಸಿಮಂಡ್ಸ್ ಕೂಡ ಕಿವಿ ಕೇಳದ ನಟಿ. ತಮ್ಮನ ಸಾವಿಗೆ ತಾನೇ ಕಾರಣ, ಅಪ್ಪನಿಗೆ ತನ್ನ ಮೇಲೆ ಸಿಟ್ಟು ಎಂದು ಅವಳು ಒಳಗೊಳಗೇ ಬೇಯುತ್ತಾಳೆ. ಅಪ್ಪನಿಗೆ ಸಿಟ್ಟಿಲ್ಲ, ಆದರೆ ಅದನ್ನು ಹೇಳಿಲ್ಲ. ಮಕ್ಕಳನ್ನು ಉಳಿಸಲು ತಾನು ಪ್ರಾಣಿಯ ಗಮನ ಸೆಳೆಯಬೇಕಾದ ಗಳಿಗೆಯಲ್ಲಿ ಮಾತ್ರ ಕೈಸನ್ನೆಯಲ್ಲಿ ತನ್ನ ಪ್ರೀತಿ ಹೇಳಿ, ಕಿರುಚಿ, ಪ್ರಾಣ ಬಿಡುತ್ತಾನೆ. ಅವನು ಅವಳಿಗಾಗಿ ಕೂತು ಕೂತು ಸರಿಪಡಿಸುತ್ತಿದ್ದ ಕಿವಿಯ ಸಾಧನದಿಂದ ಹೊರಡುವ ಕರ್ಕಶ ಸದ್ದೇ ಪ್ರಾಣಿಗಳನ್ನು ಸೋಲಿಸುವ ಆಯುಧವಾಗುತ್ತದೆ. ಅದನ್ನು ಕಂಡುಹಿಡಿಯುವವಳು ಮಗಳು. ಈ ಚಿತ್ರವನ್ನು ಮಗಳ ಜೊತೆ ಕೂತು ನೋಡಿದಾಗ ಅವಳಿಗೆ ಹದಿಮೂರು. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಅವನು ಮೊದಲೇ ಹೇಳಬಹುದಿತ್ತಲ್ಲ?"

ಗೆಳೆಯರು ಪಾಟ್‌ಲಕ್‌ನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಈ ಚಿತ್ರಗಳು ಮಕ್ಕಳನ್ನು ಅಪಾಯಕ್ಕೆ ತಳ್ಳಿ ಮಜಾ ನೋಡುವುದಿಲ್ಲ. ಕಾಪಾಡುವುದು ಎಂದರೆ ಅಪ್ಪುಗೆಯಲ್ಲಿ ಮುಚ್ಚಿಡುವುದು ಎಂದು ನಾವು ತಿಳಿದಿದ್ದೇವೆ. ನಾವು ಇಲ್ಲದಿದ್ದರೂ ಮಗು ಬದುಕುವ ಹಾಗೆ ಮಾಡುವುದೇ ಕಾಪಾಡುವುದು ಎಂದು ಇವು ನೆನಪಿಸುತ್ತವೆ. ಅದಕ್ಕೇ ನಿದ್ದೆ ಬರುವುದಿಲ್ಲ!

ನಮ್ಮ ಅಕ್ಕತಂಗಿಯರು ಯಾರು?

ಅಮ್ಮನ ಮಾತು ಕೇಳಿದ ಮೇಲೆ ನಾವು ಮಾಡಿದ್ದು ಇಷ್ಟು. ಮಗಳನ್ನು ಕೂರಿಸಿಕೊಂಡು ಹೇಳಿದೆ: "ಅದು ಆಟ ಅಲ್ಲ ಕಂದಾ, ನಾನು ತಪ್ಪು ಹೇಳಿದ್ದೆ. ಜೋರಾದ ಗಾಳಿ ಬರುತ್ತೆ, ಮನೆ ಮುರಿಯಬಹುದು. ಕೆಳಗೆ ಇದ್ದರೆ ಪೆಟ್ಟಾಗುವುದು ಕಡಿಮೆ. ನನಗೂ ಭಯ ಆಗುತ್ತೆ." ಅವಳು ಅಳಲಿಲ್ಲ. "ಭಯ ಆದರೆ ನನ್ನ ಕೈ ಹಿಡ್ಕೋ" ಅಂದಳು. ನಿಯಮ ಒಂದೇ ಇಟ್ಟೆವು: ಸೈರನ್ ಕೂಗಿದರೆ ಯಾರಿಗೂ ಕಾಯದೆ ಕೆಳಗೆ ಇಳಿ, ಕರೆದರೆ ಓ ಅನ್ನು. ಒಂದು ಪುಟ್ಟ ಚೀಲದಲ್ಲಿ ಅವಳ ಶೂ, ಟಾರ್ಚ್, ನೀರಿನ ಬಾಟಲಿ, ಸೀಟಿ, ನಮ್ಮ ಫೋನ್ ನಂಬರ್ ಬರೆದ ಚೀಟಿ ಇಟ್ಟೆವು. ತಿಂಗಳಿಗೊಮ್ಮೆ ಊರಿನವರು ಸೈರನ್ ಪರೀಕ್ಷೆ ಮಾಡುತ್ತಾರಲ್ಲ, ಆ ದಿನ ಮನೆಯಲ್ಲಿದ್ದರೆ ನಾವೂ ಇಳಿದು ಅಭ್ಯಾಸ ಮಾಡಿದೆವು. ಜ್ಯಾಕ್‌ನ ಬಾಯಿಪಾಠದ ಹಾಗೆ.

ಎರಡನೆಯ ಕೆಲಸ ಇದಕ್ಕಿಂತ ಕಷ್ಟವಾಯಿತು. ಶಾಲೆಯವರು ಪ್ರತಿ ವರ್ಷ ಒಂದು ಫಾರ್ಮ್ ಕೊಡುತ್ತಾರೆ. ತುರ್ತಿನಲ್ಲಿ ತಂದೆತಾಯಿ ಸಿಗದಿದ್ದರೆ ಯಾರನ್ನು ಕರೆಯಬೇಕು, ಎರಡು ಹೆಸರು ಬರೆಯಿರಿ ಎಂದು. ಊರಲ್ಲಿದ್ದರೆ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರು ಎಂದು ಜಾಗ ಸಾಲದೆ ಬರುತ್ತಿತ್ತು. ಇಲ್ಲಿ ನಾನು ಒಂದು ವರ್ಷ ಆ ಸಾಲನ್ನು ಖಾಲಿ ಬಿಟ್ಟಿದ್ದೆ, ಇನ್ನೊಂದು ವರ್ಷ ಅಷ್ಟಾಗಿ ಮಾತಾಡದ ಒಬ್ಬ ಸಹೋದ್ಯೋಗಿಯ ಹೆಸರು ಬರೆದಿದ್ದೆ. ಪುಣ್ಯಕೋಟಿಗೆ ಕೊಟ್ಟಿಗೆ ತುಂಬಾ ಅಕ್ಕತಂಗಿಯರಿದ್ದರು. ನಮಗೆ ಯಾರಿದ್ದಾರೆ?

ಆ ವರ್ಷ ನಾಚಿಕೆ ಬಿಟ್ಟು ಎರಡು ಬಾಗಿಲು ತಟ್ಟಿದೆವು. ಒಂದು, ನಾಲ್ಕು ವರ್ಷ ಬರೀ 'ಹಾಯ್' ಅಂದಿದ್ದ ಪಕ್ಕದ ಮನೆಯ ವೃದ್ಧ ದಂಪತಿಗಳದ್ದು. ಇನ್ನೊಂದು, ಇದೇ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾದ ಒಂದು ಕುಟುಂಬದ್ದು. "ನಮ್ಮ ಮಗಳ ಹೆಸರಿನ ಕೆಳಗೆ ನಿಮ್ಮ ಹೆಸರು ಬರೆಯಬಹುದಾ?" ಎಂದು ಕೇಳಿದಾಗ ಆ ಅಕ್ಕ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ, "ನಾವೂ ಆ ಜಾಗ ಖಾಲಿ ಬಿಟ್ಟಿದ್ದೇವೆ. ನಮ್ಮ ಮಗನಿಗೆ ನಿಮ್ಮ ಹೆಸರು ಬರೆದುಕೊಳ್ಳಲಾ?" ಅಂದರು. ಸಂಘ ಯಾಕೆ ಬೇಕು, ವರ್ಷಕ್ಕೆರಡು ಸಲ ಹೋಳಿಗೆ ತಿನ್ನುವುದಕ್ಕಾ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುತ್ತೇನೆ.

ನೋಡಬೇಕೆನ್ನುವವರಿಗೆ ಕಿವಿಮಾತು: 'ಎ ಕ್ವೈಟ್ ಪ್ಲೇಸ್' ಮತ್ತು 'ಲೈಫ್ ಈಸ್ ಬ್ಯೂಟಿಫುಲ್' ಇಲ್ಲಿ ಪಿಜಿ-13 ದರ್ಜೆಯವು, ದೊಡ್ಡ ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಮಾತಾಡಿ. 'ರೂಮ್' ಮತ್ತು 2009ರಲ್ಲಿ ಬಂದ 'ದಿ ರೋಡ್' ಚಿತ್ರ 'ಆರ್' ದರ್ಜೆಯವು, ಮಕ್ಕಳು ಮಲಗಿದ ಮೇಲೆ ನೋಡಿ. 'ಟ್ರೇನ್ ಟು ಬುಸಾನ್'ನಲ್ಲಿ ರಕ್ತ ಸ್ವಲ್ಪ ಜಾಸ್ತಿ. 'ಗೋವಿನ ಹಾಡು' ಮಾತ್ರ ಎಲ್ಲ ವಯಸ್ಸಿನವರಿಗೂ, ಅಜ್ಜಿಯ ಬಾಯಲ್ಲೇ ಕೇಳಿ.

ಮಗಳು ಈಗ ಕಾಲೇಜು ಸೇರಿ ಬೇರೆ ರಾಜ್ಯದಲ್ಲಿದ್ದಾಳೆ. ಮೊನ್ನೆ ನಮ್ಮಲ್ಲಿ ಬಿರುಗಾಳಿಯ ಎಚ್ಚರಿಕೆ ಇದ್ದದ್ದನ್ನು ಎಲ್ಲೋ ನೋಡಿ ಫೋನ್ ಮಾಡಿದಳು. "ಅಪ್ಪಾ, ಟಾರ್ಚಿಗೆ ಬ್ಯಾಟರಿ ಹಾಕಿದ್ದೀಯಾ? ಅಮ್ಮನ ಮಾತ್ರೆ ಕೆಳಗೆ ಇಟ್ಟಿದ್ದೀಯಾ? ಪಕ್ಕದ ಮನೆ ಅಜ್ಜಿ ಒಬ್ಬರೇ ಇರ್ತಾರೆ, ಅವರನ್ನೂ ಕರೆದುಕೊಂಡು ಇಳೀರಿ." ಹೂಂ ಎಂದು ಹೇಳಿ ಫೋನ್ ಇಟ್ಟು, ಟಾರ್ಚ್ ಒತ್ತಿ ನೋಡಿದೆ. ಹತ್ತಲಿಲ್ಲ. ಬ್ಯಾಟರಿ ತರಲು ಅಂಗಡಿಗೆ ಹೊರಟೆ.

ನೀವೂ ಇವತ್ತೇ ಒಮ್ಮೆ ಒತ್ತಿ ನೋಡಿ. ಹಾಗೆಯೇ ಶಾಲೆಯ ಫಾರ್ಮಿನ ಆ ಸಾಲು ಖಾಲಿ ಇದ್ದರೆ, ಮುಂದಿನ ಪಾಟ್‌ಲಕ್‌ನಲ್ಲಿ ಸಂಕೋಚವಿಲ್ಲದೆ ಬಂದು ಕೇಳಿ. ನಮ್ಮ ಮನೆಯ ಹೆಸರು ಬರೆದುಕೊಳ್ಳಬಹುದು.


ನಿಮ್ಮವನೇ ಒಬ್ಬ ಸದಸ್ಯ